ನಂಜಿನ ಲೆಕ್ಕ ಇಟ್ಟವರು

ಮುಂಡರಗಿ ಕಡೆಯ ಹೆಣ್ಣುಮಗಳೊಬ್ಬಳು ಹೆರಿಗೆಗೆಂದು ಗದಗಿಗೆ ಹೋಗಿ, ಹೊಟ್ಟೆಯ ಹೊಲಿಗೆ ಕೀವಾಗಿ ನರಳಿದರೆ ನಮ್ಮ ಓಣಿಯಲ್ಲಿ ಏನಂತಾರೆ? "ಆಕಿ ಹಣೇಬಾರ" ಅಂತಾರೆ. "ಪಥ್ಯ ಮಾಡ್ಲಿಲ್ಲ" ಅಂತಾರೆ. ದವಾಖಾನಿಯಲ್ಲಿ ಯಾರ ಕೈ ತೊಳೆದಿರಲಿಲ್ಲ ಎಂದು ಯಾರೂ ಕೇಳೋದಿಲ್ಲ. ಆದರೆ ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ.

ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರರು, ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರರ ವಿಭಾಗದಲ್ಲಿ ಸತ್ತ ಬಾಣಂತಿಯರು ನೂರಕ್ಕೆ 11ಕ್ಕೂ ಹೆಚ್ಚು, ಸೂಲಗಿತ್ತಿಯರ ವಿಭಾಗದಲ್ಲಿ 3ಕ್ಕಿಂತ ಕಡಿಮೆ. ಓದಿದವರು ಹೆಣ ಕೊಯ್ದ ಕೈಯಿಂದಲೇ ಹೆರಿಗೆ ಮಾಡಿಸುತ್ತಿದ್ದರು. 1847ರಲ್ಲಿ ಸೆಮೆಲ್ವೈಸ್ ಎಂಬ ವೈದ್ಯ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಿರಿ ಅಂದ. ಮರುವರ್ಷ ಸಾವು ನೂರಕ್ಕೆ ಒಂದೂಕಾಲಿಗೆ ಇಳಿಯಿತು. ದೊಡ್ಡವರಿಗೆ ಸಿಟ್ಟು ಬಂತು: ನಮ್ಮ ಕೈ ಮೈಲಿಗೆಯೇ?

ಮಡಿ ಕೇಳುವುದು, ನೀನು ಯಾರ ಪೈಕಿ ಎಂದು. ನಂಜಿನ ಲೆಕ್ಕ ಕೇಳುವುದು, ನೀನು ಈಗ ಏನು ಮುಟ್ಟಿ ಬಂದೆ ಎಂದು. ಇವೆರಡೂ ಒಂದೇ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವವರು ಈಗಲೂ ಇದ್ದಾರಲ್ಲ, ಅವರು ವಿಯೆನ್ನಾದ ಈ ಅಂಕಿಗಳನ್ನು ಓದಬೇಕು.

1950ರ ದಶಕದಲ್ಲಿ ಪೆನಿಸಿಲಿನ್‌ಗೂ ಬಗ್ಗದ ಕೀವಿನ ರೋಗಾಣು ಆಸ್ಪತ್ರೆಗಳನ್ನು ಹೊಕ್ಕಿತು. 1959ರಲ್ಲಿ ಇಂಗ್ಲೆಂಡಿನ ಟಾರ್ಕೀ ಊರಲ್ಲಿ ಇ.ಎಂ. ಕಾಟ್ರೆಲ್ ಎಂಬ ನರ್ಸಬಾಯಿಯನ್ನು ನಂಜು ತಡೆಯುವುದಕ್ಕೆಂದೇ ನೇಮಿಸಿದರು. ಇಂಥ ಹುದ್ದೆಗೆ ಬಂದ ಮೊದಲಿಗಳು ಆಕೆ. ಕೆಲಸವೇನು? ವಾರ್ಡು ವಾರ್ಡು ತಿರುಗುವುದು, ಗಾಯ ನೋಡುವುದು, ಬರೆದಿಡುವುದು. ಶಸ್ತ್ರಚಿಕಿತ್ಸೆ ಎಷ್ಟು, 30 ದಿನದೊಳಗೆ ಕೀವಾದದ್ದು ಎಷ್ಟು? ಮೂತ್ರದ ನಳಿಗೆಯದು ಇನ್ನೊಂದು ಲೆಕ್ಕ: ಹತ್ತು ಮಂದಿಗೆ ಹತ್ತು ದಿನ ಇದ್ದರೆ ನೂರು ನಳಿಗೆ-ದಿನ, ಅಂಥ ಸಾವಿರ ದಿನಕ್ಕೆ ಎಷ್ಟು ಮಂದಿಗೆ ನಂಜಾಯಿತು? ಆ ಅಂಕಿಯನ್ನು ಡಾಕ್ಟರರ ಮುಂದೆ ಇಡುವುದು. ಇದಕ್ಕೆ ಎದೆಗಾರಿಕೆ ಬೇಕು. 1985ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, 250 ಹಾಸಿಗೆಗೆ ಇಂಥ ಒಬ್ಬ ನರ್ಸು ಇದ್ದು, ಲೆಕ್ಕ ಇಟ್ಟು ಶಸ್ತ್ರವೈದ್ಯರಿಗೆ ತಿಳಿಸಿ, ತಡೆಯುವ ಕ್ರಮವನ್ನೂ ಬಿಗಿಯಾಗಿ ಮಾಡಿದರೆ ನಂಜು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ ಎಂದು ತೋರಿಸಿತು.

ನಮ್ಮ ಸೀಮೆಗೆ ಬರೋಣ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಶನ್‌ನವರು ಮುಂದೆ ಕಟ್ಟಿದ ದವಾಖಾನೆಯನ್ನು ಜನ ಜರ್ಮನ್ ಆಸ್ಪತ್ರೆ ಅಂತಲೇ ಕರೀತಾರೆ. 2015ರಲ್ಲಿ ಗದಗಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂತು. 2020ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಆಸ್ಪತ್ರೆಯ ನಂಜು ತಡೆಯುವ ಮಾರ್ಗಸೂಚಿ ಹೊರಡಿಸಿತು. ಆದರೆ ಬಾಣಂತಿ ವಾರದೊಳಗೆ ಬಸ್ಸು ಹತ್ತಿ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೋಗಿಬಿಡುತ್ತಾಳೆ. ಕೀವು ಕಾಣುವುದು ಮನೆಯಲ್ಲಿ. ಊರಿನ ಆಶಾ ಕಾರ್ಯಕರ್ತೆ ನೋಡಿ ತಿಳಿಸದಿದ್ದರೆ ಆ ಗಾಯ ಯಾವ ವಹಿಯಲ್ಲೂ ಏರುವುದಿಲ್ಲ. ದವಾಖಾನಿಯ ಕಾಗದದಲ್ಲಿ ಎಲ್ಲ ಚೊಕ್ಕ.

ವಹಿಗೆ ಏರದವರು ಇನ್ನೂ ಇದ್ದಾರೆ. 1897ರಲ್ಲಿ ಪುಣೆಯ ಹತ್ತಿರ ಪ್ಲೇಗು ತಗುಲಿದ ಮಹಾರರ ಹುಡುಗನನ್ನು ಹೊತ್ತು ತಂದ ಸಾವಿತ್ರಿಬಾಯಿ ಫುಲೆ ಅದೇ ರೋಗಕ್ಕೆ ಮಾರ್ಚ್ 10ರಂದು ತೀರಿಕೊಂಡರು. ಆರೈಕೆ ಮಾಡಿದವರ ಸಾವೂ ಆಸ್ಪತ್ರೆಯ ನಂಜಿನ ಲೆಕ್ಕವೇ. ರಕ್ತದ ಬಟ್ಟೆ ಒಗೆಯುವ, ಕಸದಲ್ಲಿ ಬಿದ್ದ ಸೂಜಿ ಚುಚ್ಚಿಸಿಕೊಳ್ಳುವ ಆಯಾ, ಗುತ್ತಿಗೆಯ ಕಸಗುಡಿಸುವಾಕೆ ಯಾವ ಕೇರಿಯವರು ಎಂದು ನಾವು ಹೇಳಬೇಕೇ? ಆಸ್ಪತ್ರೆ ಕಸ ಬೇರ್ಪಡಿಸುವ ನಿಯಮ 1998ರಲ್ಲೇ ಬಂದಿದೆ, 2016ರಲ್ಲಿ ಅದನ್ನು ಹೊಸದಾಗಿ ಬರೆದರು. ಕೆಲಸಗಾರರಿಗೆ ಹೆಪಟೈಟಿಸ್-ಬಿ ಲಸಿಕೆ ಕೊಡಿಸಬೇಕೆಂದು ಅದರಲ್ಲೇ ಇದೆ. ತಾಲೂಕು ದವಾಖಾನಿಗೆ ಹೋದಾಗ ಆ ತಾಯಂದಿರನ್ನು ಕೇಳಿ: ಲಸಿಕೆ ಹಾಕಿದ್ದಾರೇನವ್ವ? ಸೂಜಿ ಚುಚ್ಚಿದ್ದನ್ನು ಯಾರಾದರೂ ಬರಕೊಂಡರೇನು?