ಎರಡು ಊರುಗಳ ನಡುವಣ ಉದ್ಯಾನ

ದೇವಾಲಯಗಳಿಗೂ ಬಸದಿಗಳಿಗೂ ಬಿಟ್ಟ ದತ್ತಿಗಳನ್ನು ವಿವರಿಸುವ ಕರ್ನಾಟಕದ ಶಾಸನಗಳಲ್ಲಿ ಗದ್ದೆ ಬೆದ್ದಲುಗಳೊಡನೆ ಹೂದೋಟದ ಉಲ್ಲೇಖವೂ ಹಲವೆಡೆ ಬರುತ್ತದೆ. ಇಂತಹ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪವಾಕ್ಯವಿರುತ್ತದೆ. ದತ್ತಿಯನ್ನು ಕಾಪಾಡಿದವನಿಗೆ ಪುಣ್ಯ, ಅಪಹರಿಸಿದವನಿಗೆ ಮಹಾಪಾಪ ಎಂಬುದು ಅದರ ಸಾರ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಕಷ್ಟವೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಬೆಂಗಳೂರಿನ ಕಬ್ಬನ್ ಉದ್ಯಾನದ ಇತಿಹಾಸವು ಈ ಮಾತಿಗೆ ಸಮೀಪಕಾಲದ ನಿದರ್ಶನವಾಗಿದೆ.

ಹತ್ತೊಂಬತ್ತನೆಯ ಶತಮಾನದ ಬೆಂಗಳೂರು ವಸ್ತುತಃ ಎರಡು ಊರುಗಳಾಗಿತ್ತು. ಪಶ್ಚಿಮದಲ್ಲಿ ಕೆಂಪೇಗೌಡನ ಕಾಲದಿಂದ ಬೆಳೆದುಬಂದ ಪೇಟೆ. ಪೂರ್ವದಲ್ಲಿ ಬ್ರಿಟಿಷರ ಸೈನ್ಯಕ್ಕಾಗಿ ನೆಲೆಗೊಂಡ ದಂಡು. ಭಾಷೆ, ಉಡಿಗೆ, ಜೀವನಕ್ರಮಗಳಲ್ಲಿ ಒಂದು ಇನ್ನೊಂದಕ್ಕೆ ದೂರ. 1862ರಲ್ಲಿ ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳು ಏರ್ಪಟ್ಟವು. ಅವೆರಡೂ ಒಂದಾದದ್ದು 1949ರಲ್ಲಿ.

ಈ ಎರಡರ ನಡುವಿನ ನೆಲದಲ್ಲಿ 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಉದ್ಯಾನವನ್ನು ರೂಪಿಸಿದರು. ಮೊದಲು ಮೀಡ್ಸ್ ಪಾರ್ಕ್ ಎಂದು ಕರೆಯಲ್ಪಟ್ಟ ಇದಕ್ಕೆ, ದೀರ್ಘಕಾಲ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಅನಂತರ ಸಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ ಇದು ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತವಾಗಿ ನಾಮಕರಣಗೊಂಡಿತು. ಸುಮಾರು 100 ಎಕರೆಗಳಿಂದ ಆರಂಭವಾದ ವಿಸ್ತಾರ ಕಾಲಕ್ರಮದಲ್ಲಿ ಸುಮಾರು 300 ಎಕರೆಗಳಿಗೆ ಬೆಳೆಯಿತು.

ಆಳುವವರ ಅಭಿರುಚಿಗೆ ಅನುಗುಣವಾಗಿ ಹುಟ್ಟಿದ ತೋಟವಿದು. ಬ್ರಿಟಿಷ್ ಸೇನೆಯ ವಾದ್ಯವೃಂದ ನುಡಿಸುತ್ತಿದ್ದ ಮಂಟಪ ಇಂದಿಗೂ ಅದಕ್ಕೆ ಸಾಕ್ಷಿ. ಆದರೆ ಮರದ ನೆರಳು ಪೇಟೆಯವನೆಂದೂ ದಂಡಿನವನೆಂದೂ ಭೇದವೆಣಿಸದು. ಬೊಂಬಿನ ಮೆಳೆಗಳ ಪಕ್ಕದಲ್ಲಿ ಮುಂಜಾನೆ ನಡೆಯುವ ವೃದ್ಧರು, ಗ್ರಂಥಾಲಯದಿಂದ ಹೊರಬಂದು ಕಲ್ಲುಬೆಂಚಿನ ಮೇಲೆ ಕುಳಿತ ವಿದ್ಯಾರ್ಥಿ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದ ಸಂಸಾರ, ಇವರಲ್ಲಿ ಯಾರೂ ಇನ್ನೊಬ್ಬರ ಅನುಮತಿಯನ್ನು ಕೇಳಬೇಕಾಗಿಲ್ಲ. ಹಣ ತೆರದೆ, ಪರಿಚಯ ಹೇಳದೆ, ಅನ್ಯರ ನಡುವೆ ನಿರ್ಭಯವಾಗಿ ಕುಳಿತುಕೊಳ್ಳಬಹುದಾದ ಸ್ಥಳಗಳು ನಗರದಲ್ಲಿ ವಿರಳ. ಪರಸ್ಪರ ಸಹನೆ ಬೆಳೆಯುವುದು ಇಂತಹ ನಿತ್ಯದ ಸಾಮೀಪ್ಯದಿಂದಲೇ.

ದೇಹಾರೋಗ್ಯಕ್ಕೂ ಹಸುರಿಗೂ ಇರುವ ಸಂಬಂಧವನ್ನು ವಿಜ್ಞಾನವೂ ಪರೀಕ್ಷಿಸಿದೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ ಕೊಠಡಿಯವರು ಇಟ್ಟಿಗೆಯ ಗೋಡೆಯನ್ನು ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ಅವರಿಗೆ ತೀವ್ರವಾದ ನೋವುನಿವಾರಕ ಔಷಧಿಗಳೂ ಕಡಿಮೆ ಬೇಕಾಗಿದ್ದವು.

ಇಷ್ಟು ಉಪಕಾರಿಯಾದ ನೆಲ ಸುರಕ್ಷಿತವಾಗಿರಬೇಕಿತ್ತು. ಆದರೆ ಕಟ್ಟಡವಿಲ್ಲದ ಭೂಮಿಯು ನಗರದ ಕಣ್ಣಿಗೆ ಖಾಲಿ ನಿವೇಶನವಾಗಿ ತೋರುತ್ತದೆ. ಉದ್ಯಾನದ ನೆರೆಯಲ್ಲಿಯೇ ಇದ್ದ ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕೆರೆಯ ನೆನಪಿಗೆ ಸಣ್ಣದೊಂದು ಕೊಳ ಉಳಿದಿದೆ. ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಯಿತು. ಒಂದೊಂದು ಸಲವೂ ಮುಂದಿಟ್ಟ ಕಾರಣ ಸಾರ್ವಜನಿಕ ಹಿತವೇ. ಒಳ್ಳೆಯ ಕಾರಣಗಳಿಗಾಗಿಯೇ ಒಳ್ಳೆಯ ವಸ್ತುವೊಂದು ತುಣುಕುತುಣುಕಾಗಿ ಕರಗಬಲ್ಲದೆಂಬುದನ್ನು ಗಮನಿಸಬೇಕು.

ಸರ್ಕಾರಿ ಉದ್ಯಾನಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ 1975ರ ಕಾಯಿದೆ ಇದೆ. ಹಳೆಯ ಶಾಸನದ ಶಾಪವಾಕ್ಯದ ಸ್ಥಾನದಲ್ಲಿ ಇಂದು ನಿಂತಿರುವುದು ಇಂತಹ ಕಾಯಿದೆಯೇ. ಆದರೂ 1998ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು ರಕ್ಷಣೆಯ ವ್ಯಾಪ್ತಿಯಿಂದ ಹೊರತೆಗೆಯಲು ಸರ್ಕಾರ ಮುಂದಾಯಿತು. ಆಗ ನಾಗರಿಕರು ಪ್ರತಿಭಟಿಸಿದರು. ವಿವಾದವು ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಶಾಪವಾಗಲಿ ಕಾಯಿದೆಯಾಗಲಿ ತಾನಾಗಿ ಕಾವಲು ಕಾಯುವುದಿಲ್ಲ. ಅದನ್ನು ನೆನಪಿಸುವ ಜನರಿದ್ದಾಗ ಮಾತ್ರ ಅದಕ್ಕೆ ಬಲ.

ದತ್ತಿಯನ್ನು ನಿರ್ವಹಿಸುವವನು ಅದರ ಒಡೆಯನಲ್ಲ; ಮುಂದಿನವರ ಪರವಾಗಿ ಕಾಯುವವನು. ದೇವಸ್ಥಾನದ ಧರ್ಮದರ್ಶಿಗಳಿಗೆ ಚಿರಪರಿಚಿತವಾದ ಈ ನಿಯಮವು ನಗರದ ಉದ್ಯಾನಕ್ಕೂ ಅನ್ವಯಿಸುತ್ತದೆ. ಮರ ನೆಟ್ಟವರು ಅದರ ಪೂರ್ಣ ನೆರಳನ್ನು ಕಾಣಲಿಲ್ಲ. ಆ ನೆರಳಿನಲ್ಲಿ ಕುಳಿತ ಪೀಳಿಗೆಯು ಅದನ್ನು ಕುಂದದಂತೆ ದಾಟಿಸುವುದೇ ಆ ಋಣವನ್ನು ತೀರಿಸುವ ದಾರಿ.