ಎಂಜಿನ್ ಬದಲಾಯಿತು, ವೈರಿಂಗ್ ಹಳೆಯದೇ ಉಳಿಯಿತು: ಮಲೆನಾಡಿನ ಜೀಪುಗಳ ಚಾರ್ಜಿಂಗ್ ಚರಿತ್ರೆ

ಹಳೆ ಜೀಪು ಹುಡುಕಿ ತಂದು ಸರಿಮಾಡಿಸಿ ಓಡಿಸುವ ಹುಚ್ಚು ಈಗ ಮಲೆನಾಡಿನಲ್ಲಿ ಜೋರಾಗಿದೆ. ಕಮ್ಮರಡಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಲ್ಲೇ ಹೋಗಿ, ನಾಲ್ಕು ಜನ ಸೇರಿದರೆ ಎಂಜಿನ್ನಿನ ಮಾತು, ಟೈರಿನ ಮಾತು, ಬಣ್ಣದ ಮಾತು. ಬ್ಯಾಟರಿ ಇಳಿದು ಗಾಡಿ ಘಾಟಿಯಲ್ಲಿ ನಿಂತಾಗ ಮಾತ್ರ ಎಲೆಕ್ಟ್ರಿಷಿಯನ್ ನೆನಪಾಗುತ್ತಾನೆ. ಆಗಲೂ ಗಾಡಿಯವರು ಚಿಕಿತ್ಸೆಯನ್ನು ತಾವೇ ಹೇಳಿಬಿಡುತ್ತಾರೆ: ‘90 ಆಂಪಿಯರ್‌ದು ಒಂದು ದೊಡ್ಡ ಆಲ್ಟರ್ನೇಟರ್ ಕೂರಿಸಿಬಿಡಿ.’ ಎಂಜಿನ್ ಬದಲಾದ ಗಾಡಿಗಳಲ್ಲಿ ಆಲ್ಟರ್ನೇಟರ್ ಮೇಲೆ ಹೊರಿಸುವ ದೂರುಗಳಲ್ಲಿ ಹೆಚ್ಚಿನವು ಆಲ್ಟರ್ನೇಟರಿನದಲ್ಲ, ಅದರ ಸುತ್ತಲಿನ ವೈರಿನವು. ಇದು ಇಂದು ನಿನ್ನೆಯ ಕತೆಯೂ ಅಲ್ಲ.

ಆರಂಭದ ಕಾಲ ಡೈನಮೋದ್ದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳು 6 ವೋಲ್ಟಿನವು. 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಇಲ್ಲೇ ಜೀಪು ಜೋಡಿಸತೊಡಗಿತು, ಕ್ರಮೇಣ 12 ವೋಲ್ಟ್ ರೂಢಿಗೆ ಬಂತು. ಅಂಬಾಸಿಡರ್ ವರ್ಗದ ಕಾರುಗಳಲ್ಲಿದ್ದ ಲ್ಯೂಕಸ್ ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು, ಅದೂ ಎಂಜಿನ್ ವೇಗದಲ್ಲಿದ್ದಾಗ. ಐಡಲಿಂಗಿನಲ್ಲಿ ಸೊನ್ನೆ. ಪಕ್ಕದಲ್ಲೊಂದು ಕಟೌಟ್ ಪೆಟ್ಟಿಗೆ. ಅದರೊಳಗಿನ ಪಾಯಿಂಟುಗಳನ್ನು ಎಮರಿ ಕಾಗದದಲ್ಲಿ ಉಜ್ಜುವುದೇ ಅಂದಿನ ಅರ್ಧ ವಿದ್ಯೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ವೈಪರ್ ಹಾಕಿದರೆ ಹೆಡ್‌ಲೈಟ್ ಮಂಕಾಗುವುದನ್ನು ಜನ ಸಹಜವೆಂದೇ ತಿಳಿದಿದ್ದರು.

ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಆಲ್ಟರ್ನೇಟರ್ ಬಂತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರ ಹೊತ್ತಿಗೆ ಕಾರುಗಳಿಗೆ ಹಾಕಿತು; ಅದೇ ದಶಕದ ಕೊನೆಗೆ ಲ್ಯೂಕಸ್ ಕಂಪನಿ ರೆಗ್ಯುಲೇಟರನ್ನು ಆಲ್ಟರ್ನೇಟರಿನ ಹೊಟ್ಟೆಯೊಳಗೇ ಸೇರಿಸಿತು. ಮದ್ರಾಸಿನಲ್ಲಿ 1961ರಲ್ಲಿ ಶುರುವಾದ ಲ್ಯೂಕಸ್ ಟಿವಿಎಸ್ ನಮಗೆ ಮೊದಲು ಡೈನಮೋ, ಆಮೇಲೆ ಆಲ್ಟರ್ನೇಟರ್ ಕೊಟ್ಟಿತು. ಡೈನಮೋ ಕಾಲದ ಒಂದು ಕೆಟ್ಟ ಚಾಳಿ ಮಾತ್ರ ಹಾಗೇ ಉಳಿಯಿತು: ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಳಚಿ ‘ಚಾರ್ಜ್ ಆಗ್ತಿದೆಯಾ’ ಎಂದು ನೋಡುವುದು. ಡೈನಮೋ ಅದನ್ನು ಹೇಗೋ ತಾಳಿಕೊಳ್ಳುತ್ತಿತ್ತು. ಆಲ್ಟರ್ನೇಟರಿನಲ್ಲಿ ಆ ಕ್ಷಣಕ್ಕೆ ವೋಲ್ಟೇಜ್ ನೆಗೆದು ಡಯೋಡ್, ರೆಗ್ಯುಲೇಟರ್ ಎರಡೂ ಸುಡಬಹುದು. ಇಂದಿಗೂ ಹೀಗೆ ಪರೀಕ್ಷೆ ಮಾಡುವವರಿದ್ದಾರೆ, ಅವರಿಗೆ ಗಿರಾಕಿಗಳೂ ಇದ್ದಾರೆ.

ನಿಜವಾದ ಚರಿತ್ರೆ ಶುರುವಾಗುವುದು ನಮ್ಮ ತಲೆಮಾರಿನಲ್ಲಿ, ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕೆಲಸದಿಂದ. ಹರಿಕೇನ್ ಪೆಟ್ರೋಲ್ ಎಂಜಿನ್ ಬಲಶಾಲಿಯೇನೋ ಹೌದು. ಆದರೆ ತೋಟದ ಆಳುಗಳನ್ನೂ ಅಡಿಕೆ ಮೂಟೆಯನ್ನೂ ಹೊತ್ತು ದಿನಕ್ಕೆ ನಾಲ್ಕು ಸಲ ಏರು ಹತ್ತುವ ಗಾಡಿಗೆ ಪೆಟ್ರೋಲ್ ಸುರಿದು ಪೂರೈಸುವುದಿಲ್ಲ. ಹಾಗಾಗಿ ಇಂಟರ್‌ನ್ಯಾಷನಲ್ ಎಂಜಿನ್, ಆಮೇಲೆ 2112 ಸಿಸಿಯ ಪ್ಯೂಜೊ. ಅಂಬಾಸಿಡರ್ ಇದ್ದವರು ಇಸುಜು ಡೀಸೆಲ್ ಹುಡುಕಿದರು. ಬ್ರಾಕೆಟ್ ವೆಲ್ಡ್ ಮಾಡಿ, ಬೆಲ್ ಹೌಸಿಂಗ್ ಹೊಂದಿಸಿ, ಎಂಜಿನ್ ಕೂರಿಸಿದ ಮೆಕ್ಯಾನಿಕ್‌ಗೆ ಹೆಸರು ಬಂತು. ವೈರಿಂಗ್ ಕೆಲಸವನ್ನು ಕೊನೆಯ ಸಂಜೆಗೆ ಬಿಟ್ಟರು.

ಆ ಕೊನೆಯ ಸಂಜೆಯ ಕೆಲಸದಲ್ಲಿ ಎರಡು ಪಂಥ ಹುಟ್ಟಿದವು. ಒಂದು ಜಾಯಿಂಟ್ ಪಂಥ: ಡೈನಮೋಗೆ ಹೋಗುತ್ತಿದ್ದ ಹಳೇ ವೈರನ್ನೇ ತಿರುಚಿ, ಟೇಪ್ ಸುತ್ತಿ, ಆಲ್ಟರ್ನೇಟರಿಗೆ ಕೊಡುವುದು. ಇನ್ನೊಂದು, ಬ್ಯಾಟರಿಯಿಂದ ಶುರುಮಾಡಿ ಎಲ್ಲವನ್ನೂ ಹೊಸದಾಗಿ ಎಳೆಯುವುದು. ನಾನು ಕಲಿತದ್ದು ಎರಡನೆಯದರಲ್ಲಿ, ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಲೆಕ್ಕವೂ ನನ್ನ ಕಡೆಗಿದೆ. 2.5 ಚದರ ಮಿ.ಮೀ. ವೈರಿನಲ್ಲಿ ಮೂರು ಮೀಟರ್ ದೂರಕ್ಕೆ 40 ಆಂಪಿಯರ್ ಹರಿಸಿ ನೋಡಿ: ಸುಮಾರು 0.9 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಆಲ್ಟರ್ನೇಟರಿನ ಬಾಯಲ್ಲಿ 14.2 ಇದ್ದದ್ದು ಬ್ಯಾಟರಿಗೆ ಮುಟ್ಟುವಾಗ 13.3. ವೈರು ಮಾತ್ರ ಬಿಸಿಯಾಗುತ್ತದೆ, ಬ್ಯಾಟರಿಯ ಹೊಟ್ಟೆ ತುಂಬುವುದಿಲ್ಲ. 90 ಆಂಪಿಯರ್‌ದು ತಂದು ಇದೇ ವೈರಿಗೆ ಸಿಕ್ಕಿಸಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಡ್ಯಾಶ್‌ಬೋರ್ಡಿನ 30 ಆಂಪಿಯರ್ ಆಮೀಟರ್ ಸುಟ್ಟ ವಾಸನೆ ಕಂಡವರಿಗೆ ಗೊತ್ತು. ಚಾರ್ಜಿಂಗ್ ವೈರನ್ನು ಆ ಮೀಟರಿನಿಂದ ಬಿಡಿಸಿ, ಫ್ಯೂಸ್ ಸಮೇತ ನೇರ ಬ್ಯಾಟರಿಗೆ ಕೊಟ್ಟು, ಅಲ್ಲೊಂದು ವೋಲ್ಟ್ ಮೀಟರ್ ಹಾಕಿದ್ದು ನಮ್ಮ ಪಂಥದ ದೊಡ್ಡ ಸಾಧನೆ ಎಂದೇ ನನ್ನ ಎಣಿಕೆ.

ಅರ್ತಿಂಗ್ ಇದಕ್ಕಿಂತ ಸೂಕ್ಷ್ಮ. ಎಂಜಿನ್ ಕೂರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್ ಬದಲಿಸುವಾಗ ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿಯನ್ನು ಮತ್ತೆ ಹಾಕಲು ಮರೆತರೆ, ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಬರುತ್ತದೆ. ಕೇಬಲ್ ಬಿಸಿಯಾಗಿ ಬಿಗಿಯುತ್ತದೆ, ಬೈಗಳು ತಿನ್ನುವುದು ಕೇಬಲ್ ಹಾಕಿದವನು. ಪರೀಕ್ಷೆ ಸುಲಭ: ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ಬಣ್ಣ ಕೆರೆದು, ಲಗ್ ಬಿಗಿದು, ಗ್ರೀಸ್ ಸವರಿ. ಹೊಸದಾಗಿ ಬಣ್ಣ ಹೊಡೆಸಿದ ಜೀಪುಗಳಲ್ಲೇ ಈ ರೋಗ ಹೆಚ್ಚು.

ಚಾರ್ಜಿಂಗ್ ಲೈಟಿನ ಸಣ್ಣ ಬಲ್ಬಿನ ಕತೆಯೂ ಹೀಗೇ. ಅದು ಬರೀ ಸೂಚನೆಯ ದೀಪವಲ್ಲ. ಅದರ ಮೂಲಕ ಹೋಗುವ ಚೂರು ಕರೆಂಟೇ ರೋಟರನ್ನು ಎಬ್ಬಿಸುವುದು. ಎರಡು ವಾಟಿನ ಆ ಬಲ್ಬ್ ತೆಗೆದು ಚಂದಕ್ಕೆ ಎಲ್‌ಇಡಿ ಹಾಕಿದರೆ, ರೇಸ್ ಕೊಡುವ ತನಕ ಆಲ್ಟರ್ನೇಟರ್ ಮಲಗಿರುತ್ತದೆ. ಕೆಲವು ಗಾಡಿಗಳಲ್ಲಿ ಇದೇ ದಾರಿಯಲ್ಲಿ ಕರೆಂಟ್ ಹಿಂದಕ್ಕೆ ಹರಿದು ರಿಲೇಯನ್ನು ಹಿಡಿದಿಟ್ಟು, ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಒಂದು ಡಯೋಡ್ ಸೇರಿಸಿದರೆ ಮುಗಿಯಿತು. ಪುಲ್ಲಿಯ ವಿಷಯವೂ ಇದೆ: ನಿಧಾನಕ್ಕೆ ತಿರುಗುವ ಇಂಟರ್‌ನ್ಯಾಷನಲ್ ಎಂಜಿನ್ನಿಗೆ ಸಣ್ಣ ಕಾರಿನ ಆಲ್ಟರ್ನೇಟರನ್ನು ಅದರದೇ ಪುಲ್ಲಿಯೊಂದಿಗೆ ಹಾಕಿದರೆ, ಐಡಲಿಂಗಿನಲ್ಲಿ ಚಾರ್ಜ್ ಆಗುವಷ್ಟು ತಿರುಗದೇ ಹೋಗಬಹುದು.

ಇವೆಲ್ಲಕ್ಕಿಂತ ಅಪಾಯದ್ದು ವ್ಯಾಕ್ಯೂಮ್ ಪಂಪ್. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ. ಇಸುಜುವಿನಂಥ ಎಂಜಿನ್ನುಗಳಲ್ಲಿ ಅದಕ್ಕೆಂದೇ ಆಲ್ಟರ್ನೇಟರಿನ ಬೆನ್ನಿಗೆ ಪಂಪ್ ಇರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಪಂಪಿಲ್ಲದ ಪೆಟ್ರೋಲ್ ಕಾರಿನದು ಹಾಕಿದರೆ ಚಾರ್ಜ್ ಚೆನ್ನಾಗೇ ಆಗುತ್ತದೆ, ಬ್ರೇಕ್ ಮಾತ್ರ ಕಲ್ಲು. ಆಗುಂಬೆ ಘಾಟಿಯ ತಿರುವಿನಲ್ಲಿ ಅದು ಗೊತ್ತಾಗಬಾರದು.

ಇತ್ತೀಚಿನ ಕಾಲದ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಹೊಸ ಕಾರುಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಎಂಜಿನ್ ಕಂಪ್ಯೂಟರೇ ಏರಿಸಿ ಇಳಿಸುತ್ತದೆ. ಅಂಥ ಆಲ್ಟರ್ನೇಟರ್ ಗುಜರಿಯಲ್ಲಿ ಹೊಳೆಯುತ್ತಾ ಸಿಕ್ಕರೂ ಹಳೇ ಜೀಪಿಗೆ ತರಬೇಡಿ.

ಬರಹದಲ್ಲಿ ಈ ವಿದ್ಯೆಗೆ ಜಾಗವೇ ಸಿಕ್ಕಿಲ್ಲ. ಕಂಪನಿಯ ಪುಸ್ತಕದಲ್ಲಿ ಇರುವುದು ಕಂಪನಿ ಕಳಿಸಿದ ಗಾಡಿ. ಎಂಜಿನ್ ಬದಲಾದ ಗಾಡಿಗೆ ಪುಸ್ತಕವೇ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ ‘ವಿಎ’ ಸರಣಿಯ ನಂಬರ್ ಕೊಡುವುದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ. ನಮ್ಮ ಡೀಸೆಲ್ ಜೀಪುಗಳಿಗೆ ಆ ಗೌರವ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಅಲ್ಲಿಗೆ ಸರ್ಕಾರಿ ದಾಖಲೆ ಮುಗಿಯಿತು. ಶೋರೂಮಿನಂತೆ ಇಟ್ಟುಕೊಂಡದ್ದು ಪರಂಪರೆ, ನಲವತ್ತು ಮಳೆಗಾಲ ದುಡಿಸಿದ್ದು ಬರೀ ಹಳೇ ಗಾಡಿ ಎಂಬ ಈ ಎಣಿಕೆ ನನಗೆ ಒಪ್ಪಿಗೆಯಿಲ್ಲ.

ಸರ್ಕಾರ ಬರೆದಿಡದಿದ್ದರೆ ನಾವೇ ಬರೆದಿಡಬೇಕಷ್ಟೆ. ನಿಮ್ಮ ಗಾಡಿಗೆ ವೈರಿಂಗ್ ಮಾಡಿಸಿದರೆ, ಹಣ ಕೊಡುವ ಮುಂಚೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ಹಾಳೆಯ ಮೇಲೆ ನಕ್ಷೆ ಬರೆಸಿಕೊಳ್ಳಿ: ಯಾವ ವೈರು ಎಲ್ಲಿಂದ ಎಲ್ಲಿಗೆ, ಬಣ್ಣ ಯಾವುದು, ದಪ್ಪ ಎಷ್ಟು, ಫ್ಯೂಸ್ ಎಷ್ಟರದು, ಆಲ್ಟರ್ನೇಟರ್ ಯಾವ ಗಾಡಿಯದು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಆರ್‌ಸಿ ಜೊತೆಗೇ ಇಡಿ. ಗಾಡಿ ಮಾರುವಾಗ ಅದನ್ನೂ ಕೊಡಿ.