ಮೈಸೂರಿನ ‘ಟ್ರಿಣ್ ಟ್ರಿಣ್’: ಸಾರ್ವಜನಿಕ ಸೈಕಲ್ ಯೋಜನೆ ಮತ್ತು ಅದರ ಸುತ್ತಲಿನ ಚರ್ಚೆ

‘ಟ್ರಿಣ್ ಟ್ರಿಣ್’ ಎಂಬುದು ಮೈಸೂರು ನಗರದ ಸಾರ್ವಜನಿಕ ಬೈಸಿಕಲ್ ಹಂಚಿಕೆ ಯೋಜನೆಯ ಹೆಸರು. ಸೈಕಲ್ ಗಂಟೆಯ ಸದ್ದನ್ನೇ ಹೆಸರಾಗಿಸಿಕೊಂಡ ಈ ಯೋಜನೆಯನ್ನು ವಿಶ್ವ ಪರಿಸರ ದಿನದ ಮುನ್ನಾ ದಿನವಾದ 2017ರ ಜೂನ್ 4ರಂದು, ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಉದ್ಘಾಟಿಸಿದರು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ಮೈಸೂರು ಮಹಾನಗರ ಪಾಲಿಕೆ ಇದನ್ನು ರೂಪಿಸಿದವು. ಜಾಗತಿಕ ಪರಿಸರ ನಿಧಿಯ ನೆರವೂ ದೊರೆಯಿತು. ನಗರವ್ಯಾಪಿಯಾದ ಇಂತಹ ಯೋಜನೆಗಳಲ್ಲಿ ದೇಶದಲ್ಲಿಯೇ ಮೊದಲಿನದೆಂದು ಇದು ಹೆಸರಾಯಿತು. ಅದೇ ತಿಂಗಳು ಭೋಪಾಲ್ ಕೂಡ ಇದೇ ಹಾದಿ ಹಿಡಿಯಿತು.

ಕಾರ್ಯವಿಧಾನ

ಆರಂಭದಲ್ಲಿ ನಗರದ 48 ನಿಲ್ದಾಣಗಳಲ್ಲಿ 450 ಸೈಕಲ್‌ಗಳಿದ್ದವು. ಹೆಸರು ನೋಂದಾಯಿಸಿದವರಿಗೆ ಸ್ಮಾರ್ಟ್ ಕಾರ್ಡ್ ನೀಡಲಾಗುತ್ತಿತ್ತು. ಕಾರ್ಡ್ ಬಳಸಿ ಬೀಗ ತೆರೆದು ಒಂದು ನಿಲ್ದಾಣದಲ್ಲಿ ಪಡೆದ ಸೈಕಲ್ಲನ್ನು ಬೇರಾವುದೇ ನಿಲ್ದಾಣದಲ್ಲಿ ಹಿಂದಿರುಗಿಸಬಹುದಿತ್ತು. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಹಳೆಯ ಅಂಗಡಿಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಅಲ್ಲಿ ಪಡೆದ ಸೈಕಲ್ ಅದೇ ಅಂಗಡಿಗೆ ಮರಳಬೇಕಿತ್ತು.

ಈ ಸೌಲಭ್ಯಕ್ಕೊಂದು ಶ್ರಮದ ಮುಖವೂ ಇದೆ. ಜನ ಒಂದೇ ದಿಕ್ಕಿಗೆ ಸಾಗುವ ಹೊತ್ತಿನಲ್ಲಿ ಕೆಲವು ನಿಲ್ದಾಣಗಳು ತುಂಬಿ, ಕೆಲವು ಬರಿದಾಗುತ್ತವೆ. ಅವನ್ನು ವಾಹನದಲ್ಲಿ ಸಾಗಿಸಿ ಸಮತೋಲನ ಕಾಯ್ದುಕೊಳ್ಳಬೇಕು. ಪಂಕ್ಚರ್, ಸರಪಳಿ, ಬ್ರೇಕ್‌ಗಳ ದುರಸ್ತಿಯೂ ನಿತ್ಯದ ಕೆಲಸ.

ಚರ್ಚೆಯ ಅಂಶಗಳು

ಮೊದಲನೆಯದು, ಸೈಕಲ್ ಯಾರಿಗೆ ಎಂಬ ಪ್ರಶ್ನೆ. ಅರಮನೆ, ಮೃಗಾಲಯಗಳ ಸುತ್ತ ಸಂಚರಿಸುವ ಪ್ರವಾಸಿಗರಿಗೆ ಇದು ಅನುಕೂಲ. ಆದರೆ ವಾಹನ ದಟ್ಟಣೆ ತಗ್ಗಬೇಕಾದರೆ ಬಸ್ಸಿನಿಂದ ಇಳಿದು ಕಾಲೇಜಿಗೆ, ಕಚೇರಿಗೆ ಹೋಗುವವರು ಪ್ರತಿದಿನ ಇದನ್ನು ಬಳಸಬೇಕು. ಅದಕ್ಕೆ ಬಡಾವಣೆಗಳಲ್ಲೂ ನಿಲ್ದಾಣಗಳು ಬೇಕು. ಮುಂಗಡ ಠೇವಣಿ ದಿನಗೂಲಿಯವರಿಗೆ ಹೊರೆಯಾಗಬಾರದೆಂಬ ವಾದಕ್ಕೂ ತೂಕವಿದೆ.

ಎರಡನೆಯದು ಸ್ಥಳ. ನಿಲ್ದಾಣ ಪಾದಚಾರಿ ಮಾರ್ಗವನ್ನು ಆಕ್ರಮಿಸಿದರೆ ನಡೆಯುವವರಿಗೆ ತೊಂದರೆ. ರಸ್ತೆಯಂಚಿಗೆ ಬಂದರೆ ವಾಹನ ನಿಲುಗಡೆಗೆ ಜಾಗ ಕಡಿಮೆ. ಸೈಕಲ್ ಸವಾರರಿಗೆ ಪ್ರತ್ಯೇಕ ಪಥವಿಲ್ಲದಿದ್ದರೆ ಬಸ್ಸು, ಕಾರುಗಳ ನಡುವೆ ಸಾಗಲು ಮಹಿಳೆಯರು, ಮಕ್ಕಳು, ವೃದ್ಧರು ಹಿಂಜರಿಯುವುದು ಸಹಜ.

ಮೂರನೆಯದು ಹಣ. ಸವಾರರು ತೆರುವ ಅಲ್ಪ ಶುಲ್ಕದಿಂದಲೇ ನಿರ್ವಹಣೆಯ ವೆಚ್ಚ ಭರಿಸುವುದು ಕಷ್ಟ. ಉಳಿದುದು ಪಾಲಿಕೆಯ ಬೊಕ್ಕಸದಿಂದ ಅಥವಾ ಜಾಹೀರಾತಿನಿಂದ ಬರಬೇಕು. ಪಾರಂಪರಿಕ ಕಟ್ಟಡಗಳ ನಗರದಲ್ಲಿ ಜಾಹೀರಾತು ಫಲಕಗಳಿಗೂ ಮಿತಿ ಅಗತ್ಯ.

ಹೊರಗಿನ ಅನುಭವ

1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೀಗವಿಲ್ಲದ ಬಿಳಿ ಸೈಕಲ್‌ಗಳನ್ನು ಬೀದಿಯಲ್ಲಿ ಬಿಟ್ಟ ಪ್ರಯೋಗ ಬಹುಕಾಲ ಉಳಿಯಲಿಲ್ಲ. ಪ್ಯಾರಿಸ್ 2007ರಲ್ಲಿ ‘ವೆಲಿಬ್’ ಆರಂಭಿಸಿ, ಜಾಹೀರಾತು ಹಕ್ಕಿಗೆ ಪ್ರತಿಯಾಗಿ ಖಾಸಗಿ ಸಂಸ್ಥೆಯೊಂದಕ್ಕೆ ನಿರ್ವಹಣೆ ವಹಿಸಿತು. ನಿಲ್ದಾಣವಿಲ್ಲದೆ, ಮೊಬೈಲ್ ಆ್ಯಪ್ ಮೂಲಕ ಎಲ್ಲೆಂದರಲ್ಲಿ ಸೈಕಲ್ ಬಿಡುವ ಪದ್ಧತಿಯೂ ನಂತರ ಭಾರತಕ್ಕೆ ಬಂತು. ಆದರೆ ಆ ಪದ್ಧತಿಯ ಚೀನೀ ಸಂಸ್ಥೆ ‘ಓಫೊ’ 2018ರಲ್ಲಿಯೇ ದೇಶದಿಂದ ಹೊರನಡೆಯಿತು. ಹೂಡಿಕೆದಾರರ ಬಲದಿಂದ ಬಂದ ಸೇವೆ ಲಾಭ ಕಾಣದಿದ್ದರೆ ಮಾಯವಾಗುತ್ತದೆ. ಪಾಲಿಕೆಯ ಸೇವೆಯನ್ನಾದರೆ ನಾಗರಿಕರು ಪ್ರಶ್ನಿಸಬಹುದು, ಉಳಿಸಿಕೊಳ್ಳಲೂಬಹುದು.

ಚರ್ಚೆಯ ತಿರುಳು ಇಲ್ಲಿದೆ. ಬೀದಿದೀಪ, ಉದ್ಯಾನವನಗಳನ್ನು ಯಾರೂ ಆದಾಯದಿಂದ ಅಳೆಯುವುದಿಲ್ಲ. ಸಾರ್ವಜನಿಕ ಸೈಕಲ್ ಅಂತಹ ನಾಗರಿಕ ಸೌಲಭ್ಯವೆಂದಾದರೆ ಅದರ ನಷ್ಟವನ್ನು ನಗರ ಹೊರಬೇಕಾಗುತ್ತದೆ. ಸುರಕ್ಷಿತ ಪಥ ಮತ್ತು ಸುಸ್ಥಿತಿಯ ಸೈಕಲ್ ಒದಗಿಸುವ ಹೊಣೆಯೂ ನಗರದ್ದೇ ಆಗುತ್ತದೆ. ಅದು ಕೇವಲ ಪ್ರವಾಸಿ ಆಕರ್ಷಣೆ ಎಂದಾದರೆ, ಪೆಟ್ರೋಲಿಗೆ ಹಣ ಹೊಂದಿಸಲಾಗದ ಸ್ಥಳೀಯರಿಗೆ ಅದರಿಂದ ದೊರೆಯುವುದು ಅತ್ಯಲ್ಪ.